ಎಲೆ ಎತ್ತದ ಪಂಕ್ತಿ: ನಮ್ಮ ಹರಟೆ ಸರ್ವರ್ ನಿಧಾನವಾದ ಕಥೆ

(ಜರ್ಮನಿಯ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ದಿನ, ಊಟದ ನಂತರ ನಡೆದ ತಾಂತ್ರಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ.)



ಬಿಸಿಬೇಳೆಬಾತ್ ಉಂಡ ಮೇಲೆ ಡೇಟಾಬೇಸ್ ಬಗ್ಗೆ ಭಾಷಣ ಇಡುವುದು ಸಂಘಟಕರ ಧೈರ್ಯ. ನಿದ್ದೆ ಬಂದವರು ಸಂಕೋಚವಿಲ್ಲದೆ ನಿದ್ದೆ ಮಾಡಬಹುದು. ಆದರೆ ಮೊದಲ ಐದು ನಿಮಿಷ ಎಚ್ಚರವಾಗಿರಿ, ಏಕೆಂದರೆ ನಾನಿಲ್ಲಿ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪು ನಮ್ಮ ಕೂಟದ ಹರಟೆ ಸರ್ವರಿಗೆ ಸಂಬಂಧಿಸಿದ್ದು.

ಮೊದಲು ಹಿನ್ನೆಲೆ. 2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಖಾಸಗಿತನದ ನಿಯಮ ಬದಲಿಸಿದಾಗ ನಮ್ಮಲ್ಲಿ ದೊಡ್ಡ ಚರ್ಚೆ ನಡೆದದ್ದು ನಿಮಗೆ ನೆನಪಿರಬಹುದು. ಆಗ ಒಂದು ಗುಂಪಿಗೆ 256 ಜನರ ಮಿತಿ ಬೇರೆ ಇತ್ತು. ನಮ್ಮ ಮಾತು ನಮ್ಮ ಕೈಯಲ್ಲೇ ಇರಲಿ ಎಂದು ನಾವು ಕೆಲವರು ಹಟ ಹಿಡಿದು ಮ್ಯಾಟ್ರಿಕ್ಸ್ ಸರ್ವರ್ ಒಂದನ್ನು ನಿಲ್ಲಿಸಿದೆವು. ಹೊಸಬರಿಗೆ ನೆರವು, ಮಕ್ಕಳ ಕನ್ನಡ ತರಗತಿ, ಮನೆ ಬಾಡಿಗೆ, ಊರ ಸುದ್ದಿ, ಹೀಗೆ ಒಂದೊಂದಕ್ಕೂ ಒಂದೊಂದು ಕೋಣೆ. ಸುಮಾರು 240 ಜನ ಸದಸ್ಯರು. ನೆದರ್ಲೆಂಡ್ಸಿನ ಗೆಳೆಯರೂ ಅವರದೇ ಸರ್ವರ್ ನಡೆಸುತ್ತಾರೆ. ಎರಡು ಸರ್ವರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಫೆಡರೇಶನ್ ಎನ್ನುವುದು ಇದಕ್ಕೇ. ಈಮೇಲ್ ಇದ್ದಂತೆ: ನಿಮ್ಮದು ಒಂದು ಕಂಪನಿ, ನನ್ನದು ಇನ್ನೊಂದು, ಆದರೂ ಪತ್ರ ಹೋಗುತ್ತದೆ, ಬರುತ್ತದೆ.

ಇದು ಹೊಸ ಕನಸೇನಲ್ಲ. ಜಾಬರ್ ಹುಟ್ಟಿದ್ದು 1999ರಲ್ಲಿ. 2006ರಲ್ಲಿ ಗೂಗಲ್ ಟಾಕ್ ಬೇರೆಯವರ ಸರ್ವರುಗಳಿಗೂ ಬಾಗಿಲು ತೆರೆದಾಗ ನಾವು ಹಲವರು ಸಂಭ್ರಮಿಸಿದ್ದೆವು. 2013ರಲ್ಲಿ ಅದರ ಜಾಗಕ್ಕೆ ಬಂದ ಹ್ಯಾಂಗ್‌ಔಟ್ಸ್‌ನಲ್ಲಿ ಆ ಬಾಗಿಲೇ ಇರಲಿಲ್ಲ. ಬಾಗಿಲು ಬೇರೆಯವರದಾದರೆ ಚಿಲಕವೂ ಅವರದೇ! ಮ್ಯಾಟ್ರಿಕ್ಸ್ 2014ರಲ್ಲಿ ಬಂತು. ಫ್ರಾನ್ಸ್ ಸರ್ಕಾರದ ನೌಕರರು ಬಳಸುವ ಚಾಪ್, ನಾವಿರುವ ಈ ಜರ್ಮನಿಯ ಸೇನೆಯ ಮೆಸೆಂಜರ್, ಎರಡೂ ಇದರ ಮೇಲೇ ನಿಂತಿವೆ. ಹಾಗಾಗಿ ನಾವು ಆಯ್ದುಕೊಂಡದ್ದು ಹವ್ಯಾಸಿಗಳ ಆಟಿಕೆಯನ್ನಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

* ಮಾರ್ಚ್ ತಿಂಗಳ ಆ ರಾತ್ರಿ *

2024ರ ಮಾರ್ಚ್. ದಾವಣಗೆರೆಯ ಒಬ್ಬ ಹುಡುಗ ಓದಲು ಜರ್ಮನಿಗೆ ಬಂದಿಳಿದ. ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ನಮ್ಮೂರಿಗೆ ಬರಬೇಕು, ರಾತ್ರಿ 11 ಗಂಟೆ 10 ನಿಮಿಷಕ್ಕೆ ನಾನು ನಿಲ್ದಾಣದಲ್ಲಿ ಕಾದಿರಬೇಕು ಎಂದು ಏರ್ಪಾಡಾಗಿತ್ತು. ಹುಡುಗನಿಗೆ ಮೊದಲಿನ ರೈಲೇ ಸಿಕ್ಕಿತು. ಅವನು ಅದನ್ನು ನೆದರ್ಲೆಂಡ್ಸಿನಲ್ಲಿರುವ ತನ್ನ ಅಣ್ಣನ ಗೆಳೆಯರಿಗೆ ತಿಳಿಸಿದ, ಅಷ್ಟರಲ್ಲಿ ಅವನ ಫೋನಿನ ಚಾರ್ಜ್ ಮುಗಿಯಿತು. ಅವರು ತಕ್ಷಣ ನಮ್ಮ 'ಹೊಸಬರಿಗೆ ನೆರವು' ಕೋಣೆಯಲ್ಲಿ ಬರೆದರು: ಹುಡುಗ 10:20ಕ್ಕೇ ಇಳಿಯುತ್ತಾನೆ, ಫೋನ್ ಸತ್ತಿದೆ, ಬೇಗ ಹೋಗಿ.

ಅವರು ಬರೆದದ್ದು 10 ಗಂಟೆ 2 ನಿಮಿಷಕ್ಕೆ. ನನ್ನ ಫೋನಿಗೆ ಅದು ಬಂದದ್ದು 10 ಗಂಟೆ 36 ನಿಮಿಷಕ್ಕೆ. ಅಂದರೆ 34 ನಿಮಿಷ ತಡ. ನಾನು ನಿಲ್ದಾಣ ತಲುಪುವಾಗ 11 ಗಂಟೆ. ಅಂಗಡಿಗಳೆಲ್ಲ ಮುಚ್ಚಿದ್ದವು. ಎರಡು ಸೂಟ್‌ಕೇಸ್ ಹಿಡಿದು, ಬೆಂಗಳೂರಿನಲ್ಲಿ ಕೊಂಡ ತೆಳು ಜಾಕೆಟ್ ಹಾಕಿಕೊಂಡು ಹುಡುಗ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಿದ್ದ.

"ತಪ್ಪಾಯ್ತಪ್ಪ, ಮೆಸೇಜ್ ತಡವಾಗಿ ಬಂತು" ಅಂದೆ.

"ಪರವಾಗಿಲ್ಲ ಬಿಡಿ ಸರ್. ಬೇರೆ ಯಾವುದೋ ಊರಲ್ಲಿ ಇಳಿದುಬಿಟ್ಟೆನಾ ಅಂತ ಸ್ವಲ್ಪ ಭಯ ಆಗಿತ್ತು, ಅಷ್ಟೇ" ಅಂದ.

ಫೋನ್ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಕಳಿಸಿದವರ ಪರದೆಯ ಮೇಲೆ ಸಂದೇಶ ಹೋಗಿದೆ ಎಂದೇ ಕಾಣಿಸುತ್ತಿತ್ತು. ತಲುಪಿದೆ ಎಂದು ನಂಬಿದವರು ಮತ್ತೆ ಯಾಕೆ ಫೋನ್ ಮಾಡುತ್ತಾರೆ?

ಮರುದಿನ ಸಮಿತಿಯಲ್ಲಿ ಮಾತು ಬಂತು. ಅಧ್ಯಕ್ಷರು ಒರಟಾಗಿ ಮಾತಾಡುವವರಲ್ಲ. "ನೋಡಿ, ನಿಮ್ಮ ಶ್ರಮದ ಬಗ್ಗೆ ಗೌರವ ಇದೆ. ಆದರೆ ನಾಳೆ ಯಾರಿಗಾದರೂ ಆಸ್ಪತ್ರೆ ವಿಷಯ ಇದ್ದರೆ? ಇನ್ನೆರಡು ತಿಂಗಳು ನೋಡೋಣ. ಸರಿಹೋಗದಿದ್ದರೆ ಮುಚ್ಚಿ, ಎಲ್ಲರೂ ವಾಟ್ಸಾಪಿಗೇ ವಾಪಸ್ ಹೋಗೋಣ" ಅಂದರು. ಅವರ ಮಾತು ನ್ಯಾಯವಾಗಿತ್ತು.

ನಾನೇನು ಮಾಡಿದೆ ಗೊತ್ತೇ? ತಡವಾದದ್ದು ಬೇರೆ ಸರ್ವರಿನಿಂದ ಬಂದ ಸಂದೇಶ ತಾನೇ? ನಮ್ಮ ನಮ್ಮೊಳಗಿನ ಸಂದೇಶಗಳು ಚೆನ್ನಾಗಿಯೇ ಓಡುತ್ತಿದ್ದವು. ಆದ್ದರಿಂದ ದೋಷ ನೆದರ್ಲೆಂಡ್ಸಿನವರ ಸರ್ವರಿನದೇ ಇರಬೇಕು ಎಂದು ಸಮಿತಿಗೆ ಲಿಖಿತವಾಗಿ ಕೊಟ್ಟೆ. ಆ ಸರ್ವರ್ ನಡೆಸುವ ಗೆಳೆಯನಿಗೂ ಪ್ರತಿ ಕಳಿಸಿದೆ. ಇಪ್ಪತ್ತು ವರ್ಷದಿಂದ ಡೇಟಾಬೇಸ್ ಕೆಲಸವನ್ನೇ ಮಾಡುತ್ತಿರುವ ನಾನು, ಒಂದೇ ಒಂದು ಅಂಕಿ ಅಳೆಯದೆ ತೀರ್ಪು ಬರೆದೆ.

* ಅಳೆಯದೆ ಮಾಡಿದ ಮದ್ದುಗಳು *

ತೀರ್ಪು ಬರೆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ನಮ್ಮ ಕಡೆಯೂ ಏನಾದರೂ ಮಾಡೋಣ ಎಂದು ಕೈಗೆ ಸಿಕ್ಕಿದ್ದೆಲ್ಲ ಮಾಡಿದೆ.

ಒಂದು, ಸರ್ವರಿನ ಮೆಮೊರಿ 8 ಜಿಬಿ ಇದ್ದದ್ದನ್ನು 16 ಮಾಡಿದೆ. ಕೂಟದ ಹಣ ಖರ್ಚಾಯಿತು.

ಎರಡು, ಪೋಸ್ಟ್‌ಗ್ರೆಸ್ ಸೆಟಿಂಗ್ ಬದಲಿಸಿದೆ. ಅದು ಹುಟ್ಟುವಾಗ ಶೇರ್ಡ್ ಬಫರ್ಸ್ ಬರೀ 128 ಎಂಬಿ ಇಟ್ಟುಕೊಂಡಿರುತ್ತದೆ, ಅದನ್ನು 4 ಜಿಬಿ ಮಾಡಿದೆ. ರ‍್ಯಾಂಡಮ್ ಪೇಜ್ ಕಾಸ್ಟ್ ಎನ್ನುವುದು 4 ಇರುತ್ತದೆ. ತಿರುಗುವ ಡಿಸ್ಕಿನ ಕಾಲದ ಲೆಕ್ಕ ಅದು, ಎಸ್‌ಎಸ್‌ಡಿಗೆ 1.1 ಸಾಕು. ಇವೆರಡೂ ಒಳ್ಳೆಯ ಬದಲಾವಣೆಗಳೇ, ಇಲ್ಲ ಎನ್ನುವುದಿಲ್ಲ. ಆದರೆ ನಮ್ಮ ರೋಗಕ್ಕೆ ಮದ್ದು ಅವಲ್ಲ.

ಮೂರು, ಇಂಡೆಕ್ಸ್ ಹಾಕಿದೆ. 'ನಿಧಾನ' ಎಂದರೆ 'ಇಂಡೆಕ್ಸ್' ಎನ್ನುವುದು ನಮ್ಮ ವೃತ್ತಿಯ ಚಟ. ಹಾಕಿದ ಪ್ರತಿಯೊಂದು ಇಂಡೆಕ್ಸೂ ಪ್ರತಿ ಬರಹಕ್ಕೆ ಸುಂಕ ಕೇಳುತ್ತದೆ. ನಾನು ಹಾಕಿದ ಎರಡರಲ್ಲಿ ಒಂದನ್ನೂ ಡೇಟಾಬೇಸ್ ಮುಟ್ಟಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಿನಾಪ್ಸ್ ತನ್ನ ಟೇಬಲ್‌ಗಳನ್ನು ತಾನೇ ನಿಭಾಯಿಸುತ್ತದೆ, ನಾವು ನಡುವೆ ಕೈ ಹಾಕಿದರೆ ಮುಂದಿನ ಅಪ್‌ಗ್ರೇಡಿನಲ್ಲಿ ತೊಂದರೆ. ಎರಡನ್ನೂ ತೆಗೆದುಹಾಕಿದೆ.

ಹೊಸ ಮೆಮೊರಿ ಸೆಟಿಂಗ್ ಜಾರಿಗೆ ಬರಲು ಡೇಟಾಬೇಸ್ ಮರುಪ್ರಾರಂಭ ಮಾಡಲೇಬೇಕು. ಮಾಡಿದೆ. ಎಲ್ಲವೂ ಮಿಂಚಿನಂತೆ ಓಡತೊಡಗಿತು! "ಮೆಮೊರಿ ಸಮಸ್ಯೆ ಇತ್ತು, ಸರಿಮಾಡಿದ್ದೇನೆ" ಎಂದು ಸಮಿತಿಗೆ ಬರೆದೆ. ಅಭಿನಂದನೆಗಳೂ ಬಂದವು.

ಏಪ್ರಿಲ್ ಕೊನೆಗೆ ಮತ್ತೆ ಅದೇ ಪಾಡು. ಮೊದಲು ಕೆಲವು ಸೆಕೆಂಡ್ ತಡ, ಆಮೇಲೆ ನಿಮಿಷ. ದಿನ ಕಳೆದಂತೆ ನಿಧಾನವಾಗುವುದು, ಮರುಪ್ರಾರಂಭ ಮಾಡಿದರೆ ಗುಣವಾಗುವುದು. ಈ ಎರಡು ಲಕ್ಷಣಗಳನ್ನು ಜೊತೆಗಿಟ್ಟು ಅಂದೇ ಯೋಚಿಸಬೇಕಿತ್ತು. ಮೆಮೊರಿ ಕಡಿಮೆಯಾದ ಸರ್ವರ್ ಮೊದಲ ದಿನದಿಂದಲೇ ನಿಧಾನವಿರುತ್ತದೆ, ಇಪ್ಪತ್ತನೆಯ ದಿನ ನಿಧಾನವಾಗುವುದಿಲ್ಲ.

* ಕೊನೆಗೂ ಅಳೆದೆ *

ಒಂದು ಶನಿವಾರ ಬೆಳಿಗ್ಗೆ ಕಾಫಿ ಮಾಡಿಕೊಂಡು ಕುಳಿತೆ. ಇನ್ನು ಅಳೆಯದೆ ಏನನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಶನ್ ಇದೆ. ಯಾವ ಕ್ವೆರಿ ಎಷ್ಟು ಬಾರಿ ಓಡಿತು, ಒಟ್ಟು ಎಷ್ಟು ಸಮಯ ತಿಂದಿತು ಎಂದು ಲೆಕ್ಕ ಇಡುತ್ತದೆ. ಗಮನಿಸಿ, ನೋಡಬೇಕಾದ್ದು ಒಟ್ಟು ಸಮಯ. ದಿನಕ್ಕೊಮ್ಮೆ ಹತ್ತು ಸೆಕೆಂಡ್ ಓಡುವ ಕ್ವೆರಿಗಿಂತ ದಿನಕ್ಕೆ ಲಕ್ಷ ಬಾರಿ 200 ಮಿಲಿಸೆಕೆಂಡ್ ಓಡುವುದು ಎಷ್ಟೋ ಪಾಲು ದುಬಾರಿ.

ಪಟ್ಟಿಯಲ್ಲಿ ಮೊದಲನೆಯದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಅದು ಬಲು ಸಣ್ಣ ಕ್ವೆರಿ. ಬೇರೆ ಸರ್ವರಿನಿಂದ ಬಂದ ಸಂದೇಶಗಳನ್ನು ಸಿನಾಪ್ಸ್ ಮೊದಲು ಒಂದು ತಾತ್ಕಾಲಿಕ ಟೇಬಲ್ಲಿನಲ್ಲಿ ಇಳಿಸಿಕೊಳ್ಳುತ್ತದೆ. ಅದರ ಹೆಸರು ಫೆಡರೇಶನ್ ಇನ್‌ಬೌಂಡ್ ಇವೆಂಟ್ಸ್ ಸ್ಟೇಜಿಂಗ್. ನಮ್ಮ ಅಂಚೆ ಕಚೇರಿಯಲ್ಲಿ ಚೀಲ ಬಿಚ್ಚಿ ಕಾಗದ ವಿಂಗಡಿಸುವ ಮೇಜು ಇರುತ್ತದಲ್ಲ, ಹಾಗೆ. "ಈ ಕೋಣೆಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಹಳೆಯದೊಂದು ಕೊಡು" ಎಂದು ಕೇಳುತ್ತದೆ, ಪರಿಶೀಲಿಸಿ ಕೋಣೆಗೆ ಸೇರಿಸುತ್ತದೆ, ಮೇಜಿನಿಂದ ಅಳಿಸುತ್ತದೆ, ಮತ್ತೆ ಮುಂದಿನದನ್ನು ಕೇಳುತ್ತದೆ. ಕೋಣೆ ಮತ್ತು ಬಂದ ಸಮಯದ ಮೇಲೆ ಇಂಡೆಕ್ಸ್ ಕೂಡ ಇದೆ. ಒಂದು ಮಿಲಿಸೆಕೆಂಡಿನ ಕೆಲಸವೂ ಅಲ್ಲ.

ಆ ಟೇಬಲ್ಲಿನಲ್ಲಿ ಎಷ್ಟು ಸಾಲು ಇವೆ ಎಂದು ಎಣಿಸಿದೆ. ಮೂರು! ಟೇಬಲ್ಲಿನ ಗಾತ್ರ ಕೇಳಿದೆ. ಸುಮಾರು 700 ಎಂಬಿ!

ಆಗ ಎಕ್ಸ್‌ಪ್ಲೇನ್ ಅನಲೈಸ್ ಓಡಿಸಿದೆ, ಬಫರ್ಸ್ ಜೊತೆಗೆ. ನಮ್ಮ ಸದಸ್ಯರೊಬ್ಬರು ಸೇರಿಕೊಂಡಿದ್ದ ಒಂದು ಭಾರಿ ಸಾರ್ವಜನಿಕ ಕೋಣೆಯನ್ನು ಹಿಡಿದು ಕೇಳಿದೆ. ಇಂಡೆಕ್ಸನ್ನೇ ಬಳಸಿತ್ತು. ಒಂದು ಸಾಲು ಕೊಟ್ಟಿತ್ತು. ಆ ಒಂದು ಸಾಲಿಗಾಗಿ 1,12,000ಕ್ಕೂ ಹೆಚ್ಚು ಬಾರಿ ಪುಟ ತೆರೆದಿತ್ತು. ಪುಟಗಳು ಮೆಮೊರಿಯಲ್ಲಿದ್ದರೆ 200 ಮಿಲಿಸೆಕೆಂಡ್. ರಾತ್ರಿ ಬ್ಯಾಕಪ್ ಓಡಿ ಮೆಮೊರಿ ಬೇರೆ ದತ್ತಾಂಶದಿಂದ ತುಂಬಿದ್ದರೆ, ಡಿಸ್ಕಿನಿಂದ ಒಂದೊಂದೇ ತರಬೇಕು, 40 ಸೆಕೆಂಡ್.

ಮಾರ್ಚಿನ ಆ 34 ನಿಮಿಷಗಳ ಲೆಕ್ಕ ಇಲ್ಲಿ ಸಿಗುತ್ತದೆ. ಸಿನಾಪ್ಸ್ ಡೇಟಾಬೇಸಿಗೆ ಹತ್ತು ಸಂಪರ್ಕಗಳನ್ನು ಮಾತ್ರ ಇಟ್ಟುಕೊಂಡಿತ್ತು. ಇಂಥ ನಾಲ್ಕಾರು ದೊಡ್ಡ ಕೋಣೆಗಳು ಅವನ್ನೆಲ್ಲ ಹಿಡಿದು ಕುಳಿತರೆ, ನೆದರ್ಲೆಂಡ್ಸಿನಿಂದ ಬಂದ ಪುಟ್ಟ ಸಂದೇಶ ಬಾಗಿಲಲ್ಲೇ ಕಾಯಬೇಕು. ಒಂದು ನಿಮಿಷ ಕಾದು ಆ ಸರ್ವರ್ ಕೈಬಿಡುತ್ತದೆ. ಕೈಬಿಟ್ಟರೆ ತಕ್ಷಣ ಮತ್ತೆ ಬರುವುದಿಲ್ಲ. ಸಿನಾಪ್ಸಿನ ನಿಯಮದಂತೆ ಮೊದಲ ಸೋಲಿಗೆ ಹತ್ತು ನಿಮಿಷ ಬಿಡುವು, ಮುಂದಿನ ಸೋಲಿಗೆ ಸುಮಾರು ಅದರ ಎರಡರಷ್ಟು. ಕೂಡಿ ನೋಡಿ: ಹತ್ತು, ಮೇಲೆ ಇಪ್ಪತ್ತು, ಮೇಲೆ ಕಾದ ನಿಮಿಷಗಳು. ಹುಡುಗ ಚಳಿಯಲ್ಲಿ ನಿಂತದ್ದು ಈ ಲೆಕ್ಕದಲ್ಲಿ. ಗೆಳೆಯನ ಸರ್ವರ್ ಬಾಗಿಲು ತಟ್ಟುತ್ತಲೇ ಇತ್ತು. ತೆರೆಯದೇ ಇದ್ದವರು ನಾವು.

* ಪಂಕ್ತಿಯಲ್ಲಿ ಮಲಗಿದವರು ಯಾರು? *

ಮೂರು ಸಾಲು ಇರುವ ಟೇಬಲ್ 700 ಎಂಬಿ ಹೇಗಾಯಿತು? ಪೋಸ್ಟ್‌ಗ್ರೆಸ್ ಗೊತ್ತಿಲ್ಲದವರಿಗೆ ಒಂದು ಮದುವೆ ಊಟದ ಉದಾಹರಣೆ ಕೊಡುತ್ತೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲು ಅಳಿಸಿ ಎಂದರೆ ಅದು ಆಗಲೇ ಅಳಿಸುವುದಿಲ್ಲ. ಉಂಡ ಎಲೆಯಂತೆ ಅಲ್ಲೇ ಬಿಡುತ್ತದೆ. ಯಾಕೆಂದರೆ ಅಳಿಸುವುದಕ್ಕೆ ಮುಂಚೆ ಯಾರಾದರೂ ಓದಲು ಶುರುಮಾಡಿದ್ದರೆ, ಅವರಿಗೆ ಆ ಹಳೆಯ ಸಾಲು ಇನ್ನೂ ಕಾಣಬೇಕು. ಆಮೇಲೆ ವ್ಯಾಕ್ಯೂಮ್ ಎಂಬ ಕೆಲಸಗಾರ ಬಂದು ಎಲೆ ಎತ್ತಿ, ನೆಲ ಒರೆಸಿ, ಮುಂದಿನ ಪಂಕ್ತಿಗೆ ಜಾಗ ಮಾಡುತ್ತಾನೆ. ಆದರೆ ನಮ್ಮ ಕಡೆಯ ಪದ್ಧತಿ ಗೊತ್ತಲ್ಲ? ಪಂಕ್ತಿಯಲ್ಲಿ ಕೊನೆಯವರು ಊಟ ಮುಗಿಸಿ ಏಳುವ ತನಕ ಯಾರ ಎಲೆಯನ್ನೂ ಎತ್ತುವಂತಿಲ್ಲ. ಒಬ್ಬ ಹಿರಿಯರು ಮಜ್ಜಿಗೆ ಅನ್ನದ ಮುಂದೆ ತೂಕಡಿಸುತ್ತ ಕುಳಿತರೆ ಮುಗಿಯಿತು, ಇಡೀ ಪಂಕ್ತಿ ಹಾಗೇ ಇರಬೇಕು. ಬಡಿಸುವವರು ಪ್ರತಿ ಸಲವೂ ಉಂಡ ಎಲೆಗಳನ್ನೆಲ್ಲ ದಾಟಿಕೊಂಡು ಹೋಗಿ ಹೊಸ ಎಲೆ ಹುಡುಕಬೇಕು.

ನಮ್ಮ ಕ್ವೆರಿ ಮಾಡುತ್ತಿದ್ದದ್ದು ಅದನ್ನೇ. ಎಲ್ಲಕ್ಕಿಂತ ಹಳೆಯದನ್ನು ಕೊಡು ಎಂದರೆ ಇಂಡೆಕ್ಸಿನ ಆರಂಭದಿಂದ ಹೊರಡಬೇಕು. ಆರಂಭದಲ್ಲಿ ಇರುವುದೆಲ್ಲ ಸತ್ತ ಸಾಲುಗಳು. ಒಂದೊಂದನ್ನೂ ಮುಟ್ಟಿ, ಇದು ಸತ್ತಿದೆ, ಇದು ಸತ್ತಿದೆ ಎಂದು ಲಕ್ಷ ಎಲೆ ದಾಟಿದ ಮೇಲೆ ಜೀವಂತ ಸಾಲು. ಬೇರೆ ಟೇಬಲ್‌ಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಬಂದದ್ದನ್ನು ಕೂಡಲೇ ಅಳಿಸುವ, ಸರದಿಯಂತೆ ಬಳಸುವ ಟೇಬಲ್‌ಗಳಿಗೆ ಇದು ಪ್ರಾಣಾಂತಿಕ.

ಹಾಗಾದರೆ ವ್ಯಾಕ್ಯೂಮ್ ಕೆಲಸ ಮಾಡುತ್ತಿರಲಿಲ್ಲವೇ? ಲಾಗ್ ನೋಡಿದೆ. ಪಾಪ, ನಿಮಿಷ ನಿಮಿಷಕ್ಕೂ ಬರುತ್ತಿತ್ತು. ಸಾಲುಗಳು ಸತ್ತಿವೆ, ಆದರೆ ಇನ್ನೂ ತೆಗೆಯುವಂತಿಲ್ಲ ಎಂದು ಬರೆದಿಟ್ಟು ಬರಿಗೈಯಲ್ಲಿ ಹೋಗುತ್ತಿತ್ತು. ನಾಲ್ಕು ಲಕ್ಷಕ್ಕೂ ಹೆಚ್ಚು ಸಾಲುಗಳು. ಅಂದರೆ ಎಲ್ಲೋ ಒಬ್ಬರು ಊಟ ಮುಗಿಸಿಲ್ಲ.

ಯಾರು ಅಂತ ಹುಡುಕುವುದು ಸುಲಭ. ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಎಂಬ ನೋಟದಲ್ಲಿ ಪ್ರತಿ ಸಂಪರ್ಕದ ಟ್ರಾನ್ಸಾಕ್ಷನ್ ಯಾವಾಗ ಶುರುವಾಯಿತು ಎಂದು ಇರುತ್ತದೆ. ಹಳೆಯದನ್ನು ಮೊದಲು ಬರುವಂತೆ ಜೋಡಿಸಿದೆ. ಮೊದಲ ಸಾಲು: ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕುಳಿತಿದೆ, ಶುರುವಾಗಿ 19 ದಿನ. ಬಳಕೆದಾರರ ಹೆಸರು ಓದಿದೆ.

ಗೆಳೆಯರೇ, ಅದು ನನ್ನ ಹೆಸರು.

ಪ್ರತಿ ತಿಂಗಳು ಸಮಿತಿಗೆ ವರದಿ ಕೊಡಲು ನಾನು ಕೆಲವು ಎಣಿಕೆ ಮಾಡುತ್ತೇನೆ: ಎಷ್ಟು ಸದಸ್ಯರು, ಎಷ್ಟು ಕೋಣೆ, ಎಷ್ಟು ಸಂದೇಶ. ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ ಅಂಕಿ ಬದಲಾಗದೆ ತಾಳೆಯಾಗಲಿ ಎಂದು ರಿಪೀಟಬಲ್ ರೀಡ್ ಎಂಬ ಟ್ರಾನ್ಸಾಕ್ಷನ್ ತೆರೆಯುತ್ತೇನೆ. ಅದು ತೆರೆದ ಕ್ಷಣದ ಡೇಟಾಬೇಸನ್ನು ಮುಗಿಯುವವರೆಗೂ ಹಾಗೇ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ಕಮಿಟ್ ಮಾಡಬೇಕು. ನಾನು ಅಂಕಿಗಳನ್ನು ಬರೆದುಕೊಂಡು, ಟರ್ಮಿನಲ್ ಹಾಗೇ ಬಿಟ್ಟು ಎದ್ದುಹೋಗಿದ್ದೆ. ಅದು ಟೀಮಕ್ಸ್ ಒಳಗೆ ಇದ್ದುದರಿಂದ ನಾನು ಲ್ಯಾಪ್‌ಟಾಪ್ ಮುಚ್ಚಿದರೂ ಸರ್ವರಿನಲ್ಲಿ ಜೀವಂತವಾಗಿತ್ತು. ಮಾರ್ಚಿನಲ್ಲೂ ಅದೇ, ಏಪ್ರಿಲಿನಲ್ಲೂ ಅದೇ. ಮರುಪ್ರಾರಂಭ ಮಾಡಿದಾಗ ಗುಣವಾಗುತ್ತಿದ್ದದ್ದು ಮೆಮೊರಿಯಿಂದಲ್ಲ, ನನ್ನನ್ನು ಎಬ್ಬಿಸಿ ಹೊರಗೆ ಹಾಕಿದ್ದರಿಂದ.

ಪಂಕ್ತಿಯಲ್ಲಿ ತೂಕಡಿಸುತ್ತಿದ್ದ ಹಿರಿಯರು ನಾನೇ!

ಆ ಸಂಪರ್ಕವನ್ನು ಕೊಂದೆ. ಒಂದೇ ನಿಮಿಷದಲ್ಲಿ ವ್ಯಾಕ್ಯೂಮ್ ಬಂದು ಗುಡಿಸಿಹೋಯಿತು. ಅದೇ ಕ್ವೆರಿ ಮತ್ತೆ ಓಡಿಸಿದೆ: 0.3 ಮಿಲಿಸೆಕೆಂಡ್. ಹೊಸ ಯಂತ್ರವಿಲ್ಲ, ಹೊಸ ಇಂಡೆಕ್ಸಿಲ್ಲ, ಒಂದು ಸಾಲು ಕೋಡಿಲ್ಲ.

ಅಂದು ಸಂಜೆ ನೆದರ್ಲೆಂಡ್ಸಿನ ಗೆಳೆಯನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲಯ್ಯಾ, ಎರಡು ವಾರ ನಾನು ನನ್ನ ರೂಟರ್ ಬಿಚ್ಚಿ ಕೂತಿದ್ದೆ. ಹೋಗಲಿ, ಸಮಿತಿಗೆ ಇನ್ನೊಂದು ಕಾಗದ ಬರಿ" ಅಂದ. ಬರೆದೆ. ಇವತ್ತು ನಿಮ್ಮೆಲ್ಲರ ಮುಂದೆ ಬಾಯಿಬಿಟ್ಟೂ ಹೇಳುತ್ತಿದ್ದೇನೆ. ಅವನ ಸರ್ವರಿನಲ್ಲಿ ಯಾವ ದೋಷವೂ ಇರಲಿಲ್ಲ.

* ನೀವು ಸರ್ವರ್ ನಡೆಸುವವರಾದರೆ *

ನಿಮ್ಮ ಊರುಗಳಲ್ಲೂ ಇಂಥ ಸರ್ವರ್ ನಡೆಸುವವರು ಇದ್ದೀರಿ. ಕೆಲವು ಮಾತು ನಿಮಗಾಗಿ.

1. ಮನುಷ್ಯರು ಲಾಗಿನ್ ಆಗುವ ಖಾತೆಗಳಿಗೆ, ಟ್ರಾನ್ಸಾಕ್ಷನ್ ತೆರೆದು ಸುಮ್ಮನೆ ಕುಳಿತರೆ ಹತ್ತು ನಿಮಿಷಕ್ಕೆ ಹೊರಗೆ ಹಾಕುವ ಟೈಮ್‌ಔಟ್ ಇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯ 9.6ರಿಂದ ಇದೆ. ಹುಟ್ಟುವಾಗ ಅದು ಆಫ್ ಆಗಿರುತ್ತದೆ ಎಂಬುದನ್ನು ಮರೆಯಬೇಡಿ.

2. ಎಲೆ ಎತ್ತದಂತೆ ತಡೆಯುವವರು ಬೇರೆಯೂ ಇದ್ದಾರೆ. ಬಳಕೆಯಲ್ಲಿಲ್ಲದ ರೆಪ್ಲಿಕೇಶನ್ ಸ್ಲಾಟ್, ಮರೆತುಹೋದ ಪ್ರಿಪೇರ್ಡ್ ಟ್ರಾನ್ಸಾಕ್ಷನ್, ಗಂಟೆಗಟ್ಟಲೆ ಓಡುವ ಪಿಜಿ ಡಂಪ್. ಮೂರನ್ನೂ ನೋಡಿ.

3. ಮ್ಯಾಟ್ರಿಕ್ಸಿನಲ್ಲಿ ಒಂದು ಕೋಣೆಗೆ ನಮ್ಮ ಒಬ್ಬ ಸದಸ್ಯ ಸೇರಿದರೂ ಆ ಕೋಣೆಯ ಪ್ರತಿ ನಮ್ಮ ಸರ್ವರಿನಲ್ಲಿ ಬೆಳೆಯುತ್ತದೆ. ಯಾರು ಸದಸ್ಯರು, ಯಾರಿಗೆ ಯಾವ ಅಧಿಕಾರ ಎಂಬ 'ಸ್ಥಿತಿ'ಯ ಚರಿತ್ರೆಯೆಲ್ಲ ಸ್ಟೇಟ್ ಗ್ರೂಪ್ಸ್ ಸ್ಟೇಟ್ ಎಂಬ ಟೇಬಲ್ಲಿಗೆ ಹೋಗುತ್ತದೆ. ನಮ್ಮ 61 ಜಿಬಿ ಡೇಟಾಬೇಸಿನಲ್ಲಿ 34 ಜಿಬಿ ಅದೊಂದೇ ಇತ್ತು. ಯಾರೂ ಇಲ್ಲದ ಕೋಣೆಗಳನ್ನು ಅಡ್ಮಿನ್ ಎಪಿಐ ಮೂಲಕ ಅಳಿಸಿ. ಉಳಿದದ್ದನ್ನು ಕುಗ್ಗಿಸಲು ಮ್ಯಾಟ್ರಿಕ್ಸ್‌ನವರದೇ ರಸ್ಟ್ ಭಾಷೆಯ ಉಪಕರಣವಿದೆ.

4. ಡೇಟಾಬೇಸ್ ಕೂಡ ಅಂದಾಜಿನ ಮೇಲೇ ದಾರಿ ಆರಿಸುತ್ತದೆ, ಅಂದಾಜು ತಪ್ಪಿದರೆ ದಾರಿಯೂ ತಪ್ಪು. ಮೇಲೆ ಹೇಳಿದ ಟೇಬಲ್ಲಿನಲ್ಲಿ ಬೇರೆಬೇರೆ ಸ್ಟೇಟ್ ಗ್ರೂಪ್‌ಗಳು ಎಷ್ಟಿವೆ ಎಂಬುದನ್ನು ಪೋಸ್ಟ್‌ಗ್ರೆಸ್ ಬಹಳ ಕಡಿಮೆ ಅಂದಾಜು ಮಾಡಿ, ಇಂಡೆಕ್ಸ್ ಬಿಟ್ಟು ಇಡೀ ಟೇಬಲ್ ಜಾಲಾಡುತ್ತಿತ್ತು. ಸಿನಾಪ್ಸ್ ಬರೆದವರು ಇದಕ್ಕೆ ಎನ್ ಡಿಸ್ಟಿಂಕ್ಟ್ ಎಂಬ ಮೌಲ್ಯವನ್ನು ಮೈನಸ್ 0.02 ಎಂದು ಕೈಯಾರೆ ಬರೆದಿಟ್ಟರು. ಅಂದರೆ, ಸರಾಸರಿ 50 ಸಾಲಿಗೆ ಒಂದು ಬೇರೆ ಗ್ರೂಪ್ ಇದೆ ಎಂದುಕೋ ಎಂದು ಹೇಳಿದಂತೆ. ಒಂದೇ ಸಾಲಿನ ಪರಿಹಾರ!

5. ಎಲ್ಲಕ್ಕಿಂತ ಮುಖ್ಯ: ಮೊದಲು ಅಳೆಯಿರಿ, ಆಮೇಲೆ ಮುಟ್ಟಿ, ಕೊನೆಯಲ್ಲಿ ಮಾತಾಡಿ. ನಾನು ಮೊದಲು ಮಾತಾಡಿದೆ.

* ಇನ್ನೊಂದು ನಿಧಾನ, ಇದು ನಮ್ಮದೇ *

ಮುಗಿಸುವ ಮುನ್ನ ನಮ್ಮ ಭಾಷೆಗೆ ಸಂಬಂಧಿಸಿದ ಒಂದು ವಿಷಯ. ಸರ್ವರ್ ವೇಗವಾದ ಮೇಲೆ ಸದಸ್ಯರೊಬ್ಬರು ಕೇಳಿದರು: "ಎಲ್ಲಾ ಸರಿ ಸರ್, ಆದರೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲವಲ್ಲ?"

ನಿಜ. ನಮ್ಮ ಸಾರ್ವಜನಿಕ ಕೋಣೆಗಳಲ್ಲಿ ಹುಡುಕಾಟವನ್ನು ಪೋಸ್ಟ್‌ಗ್ರೆಸ್ ಮಾಡುತ್ತದೆ. ಸಿನಾಪ್ಸ್ ಅದಕ್ಕೆ ಇಂಗ್ಲಿಷ್ ನಿಯಮಗಳನ್ನು ಕೊಟ್ಟಿದೆ. ಇಂಗ್ಲಿಷಿನಲ್ಲಿ 'ಹೌಸ್' ಎಂದು ಹುಡುಕಿದರೆ 'ಹೌಸಸ್' ಸಹ ಸಿಗುತ್ತದೆ, ಏಕೆಂದರೆ ಪದದ ಬಾಲ ಕತ್ತರಿಸಿ ಬೇರನ್ನು ಹುಡುಕುವ ಸ್ಟೆಮರ್ ಅದಕ್ಕಿದೆ. ಕನ್ನಡದಲ್ಲಿ 'ಮನೆ' ಎಂದು ಹುಡುಕಿದರೆ 'ಮನೆಗೆ', 'ಮನೆಯಲ್ಲಿ', 'ಮನೆಯಿಂದ', 'ಮನೆಯವರು' ಯಾವುದೂ ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯಗಳನ್ನೆಲ್ಲ ಪದಕ್ಕೇ ಅಂಟಿಸಿ ಮಾತಾಡುವ ಭಾಷೆ ನಮ್ಮದು. ಬಾಡಿಗೆ ಮನೆ ಹುಡುಕುವ ಹೊಸಬನಿಗೆ ನಾವು ಮೂರು ವರ್ಷ ಕನ್ನಡದಲ್ಲಿ ಬರೆದ ಸಲಹೆಗಳೆಲ್ಲ ಇದ್ದೂ ಇಲ್ಲದಂತೆ. ಹಾಗಾಗಿಯೇ ಕೆಲವರು ಇಂಗ್ಲಿಷಿನಲ್ಲೇ ಬರೆಯತೊಡಗಿದ್ದರು. ಭಾಷೆ ಹಿಂದೆ ಸರಿಯುವುದು ಹೀಗೇ, ಸದ್ದಿಲ್ಲದೆ.

ಮೂರು ಮೂರು ಅಕ್ಷರದ ತುಂಡು ಮಾಡಿ ಹುಡುಕುವ ಟ್ರೈಗ್ರಾಮ್ ಎಕ್ಸ್‌ಟೆನ್ಶನ್ ಬಳಸೋಣ ಎಂದು ನೋಡಿದೆ. ಇಂಡೆಕ್ಸ್ ಕೆಡದಿರಲಿ ಎಂದು ಸಿನಾಪ್ಸ್ ಡೇಟಾಬೇಸನ್ನು 'ಸಿ' ಲೊಕೇಲಿನಲ್ಲೇ ಇಡಬೇಕೆಂದು ಹೇಳುತ್ತದೆ, ಅದಕ್ಕೆ ಸರಿಯಾದ ಕಾರಣವೂ ಇದೆ. ಆ ಲೊಕೇಲಿನಲ್ಲಿ 'ಕನ್ನಡ' ಎಂಬ ಪದ ಕೊಟ್ಟರೆ ನಮ್ಮ ಸರ್ವರಿನಲ್ಲಿ ಬಂದ ಉತ್ತರ ಖಾಲಿ. ನಮ್ಮ ಅಕ್ಷರಗಳನ್ನು ಅದು ಅಕ್ಷರಗಳೆಂದೇ ಎಣಿಸಲಿಲ್ಲ!

ಈಗ ಒಂದು ಸಂಗತಿ ಕೇಳಿ. ಪೋಸ್ಟ್‌ಗ್ರೆಸ್ ಬಳಸುವ ಸ್ಟೆಮರುಗಳು ಸ್ನೋಬಾಲ್ ಎಂಬ ಮುಕ್ತ ಯೋಜನೆಯಿಂದ ಬರುತ್ತವೆ. 2019ರ ಪೋಸ್ಟ್‌ಗ್ರೆಸ್ 12ರಲ್ಲಿ ತಮಿಳು ಸೇರಿತು, ನೇಪಾಳಿ ಸೇರಿತು. 2021ರ ಆವೃತ್ತಿ 14ರಲ್ಲಿ ಹಿಂದಿ ಸೇರಿತು. ಕನ್ನಡ ಆ ಪಟ್ಟಿಯಲ್ಲಿಲ್ಲ. ಇದಕ್ಕೆ ಯಾರನ್ನು ಬೈಯೋಣ? ಯಾರೂ ನಮಗೆ ಬಾಗಿಲು ಮುಚ್ಚಿಲ್ಲ. ತಮಿಳರು ಕುಳಿತು ನಿಯಮ ಬರೆದರು, ಅದು ಸೇರಿತು. ನೆದರ್ಲೆಂಡ್ಸಿನ ಸರ್ವರನ್ನು ದೂರಿದಂತೆ ಇಲ್ಲೂ ಬೇರೆಯವರನ್ನು ದೂರುವುದು ಸುಲಭ. ಪಟ್ಟಿಯಲ್ಲಿ ಹುಡುಕಿದರೆ ಕೊನೆಗೆ ನಮ್ಮದೇ ಹೆಸರು ಕಾಣಬಹುದು.

ಕೆಲಸ ಕಷ್ಟದ್ದು ಎಂದು ಮುಚ್ಚಿಡುವುದಿಲ್ಲ. ವಿಭಕ್ತಿ, ಬಹುವಚನ, ಸಂಧಿಯಲ್ಲಿ ನಡುವೆ ಬರುವ ಯಕಾರ, ವಕಾರ, ಕ್ರಿಯಾಪದದ ರೂಪಗಳು, ಎಲ್ಲಕ್ಕೂ ನಿಯಮ ಬೇಕು. 'ಮನೆಯಲ್ಲಿ' ಎಂಬುದರಿಂದ 'ಯಲ್ಲಿ' ತೆಗೆಯಬೇಕು, ಆದರೆ 'ಹಳ್ಳಿ'ಯ ಬಾಲಕ್ಕೆ ಕತ್ತರಿ ಬೀಳಬಾರದು. ಪ್ರೋಗ್ರಾಮ್ ಬರೆಯಬಲ್ಲವರು ಈ ಸಭಾಂಗಣದಲ್ಲೇ ನಲವತ್ತು ಜನ ಇದ್ದೀರಿ. ವ್ಯಾಕರಣ ಬಲ್ಲವರು, ಮಕ್ಕಳಿಗೆ ಕನ್ನಡ ಕಲಿಸುವ ತಾಯಂದಿರು ಇದ್ದೀರಿ. ಹತ್ತು ಜನ, ವಾರಕ್ಕೆ ಎರಡು ಗಂಟೆ ಕೊಟ್ಟರೆ ಒಂದು ವರ್ಷದಲ್ಲಿ ಮೊದಲ ಕರಡು ಆದೀತು ಎಂಬುದು ನನ್ನ ನಂಬಿಕೆ. ಆಮೇಲೆ ಅದು ನಮ್ಮ ಹರಟೆ ಸರ್ವರಿಗೆ ಮಾತ್ರವಲ್ಲ, ಪೋಸ್ಟ್‌ಗ್ರೆಸ್ ಬಳಸುವ ಯಾವ ಗ್ರಂಥಾಲಯಕ್ಕೂ, ಯಾವ ಪತ್ರಿಕೆಯ ಭಂಡಾರಕ್ಕೂ ಉಪಯೋಗಕ್ಕೆ ಬರುತ್ತದೆ.

ಸಮಿತಿಯ ತೀರ್ಮಾನ ಏನಾಯಿತು ಎಂದು ಕೇಳುತ್ತೀರಿ. ಸರ್ವರ್ ಮುಚ್ಚಲಿಲ್ಲ. ಆದರೆ ಅಧ್ಯಕ್ಷರು ಎರಡು ಷರತ್ತು ಹಾಕಿದರು. ತುರ್ತು ವಿಷಯಕ್ಕೆ ಸಂದೇಶದ ಜೊತೆ ಫೋನ್ ಕೂಡ ಮಾಡಬೇಕು. ಸರ್ವರಿನ ಕೀಲಿ ನನ್ನೊಬ್ಬನ ಕೈಯಲ್ಲಿ ಇರಕೂಡದು, ಇನ್ನಿಬ್ಬರು ಕಲಿಯಬೇಕು. ಎರಡೂ ಸರಿಯಾದ ಮಾತು. ನಾಲ್ಕು ಕಣ್ಣು ನೋಡಿದ್ದರೆ ಆ 19 ದಿನದ ಸಾಲು ಎರಡನೇ ದಿನವೇ ಸಿಗುತ್ತಿತ್ತು.

ಕಲಿಯಲು ಮುಂದೆ ಬಂದ ಮೊದಲನೆಯವನು ಆ ದಾವಣಗೆರೆಯ ಹುಡುಗ. ಈಗ ತಿಂಗಳ ಎಣಿಕೆಯನ್ನು ಅವನೇ ಮಾಡುತ್ತಾನೆ. ಹೋದ ವಾರ ನಾನು ಅವನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದೆ. ಅಂಕಿ ಬರೆದುಕೊಂಡ, ಕಮಿಟ್ ಎಂದು ಟೈಪ್ ಮಾಡಿದ, ಟರ್ಮಿನಲ್ ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿ, "ಎಲೆ ಎತ್ತಬಹುದು ಸರ್" ಅಂದ.

ಸ್ಟೆಮರ್ ಕೆಲಸಕ್ಕೆ ಹೆಸರು ಕೊಡುವವರು ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬನ್ನಿ, ಹಾಳೆ ತಂದಿದ್ದೇನೆ. ಓದುತ್ತಿರುವವರು ಈ ಪತ್ರಕ್ಕೇ ಮರುಟಪಾಲು ಹಾಕಿ.

 ಜೈ ಕರ್ನಾಟಕ.